ಹದಿನೇಳು ದಿನ

ನಾನು ಕರಿ ಕೋಟು ಹಾಕಿದವನಲ್ಲ.
ಕೋಟಿನ ಹಿಂದೆ ಮೂರು ಹೆಜ್ಜೆ ಬಿಟ್ಟು ನಡೆಯುವ
ಬಿಳಿ ಅಂಗಿ. ಕಿಸೆಯಲ್ಲಿ ಎರಡು ಪೆನ್ನು,
ಕಂಕುಳಲ್ಲಿ ಇವತ್ತಿನ ಹನ್ನೊಂದು ಕಟ್ಟು.

ಬೆಳಿಗ್ಗೆ ಏಳೂವರೆಗೆ ಕೋಟೆಕಾರಿನಲ್ಲಿ ಬಸ್ಸು.
ಅದು ನೇತ್ರಾವತಿ ಸಂಕ ದಾಟುವಾಗ
ನಿಂತಲ್ಲೇ ಡೈರಿ ಬಿಡಿಸುತ್ತೇನೆ:
ಯಾರದು ವಾಯಿದೆ, ಯಾರದು ವಾದ,
ಯಾರ ಸಾಕ್ಷಿಗೆ ಜ್ವರ.
ಹಂಪನಕಟ್ಟೆಯಲ್ಲಿ ಇಳಿಯುವ ಹೊತ್ತಿಗೆ
ಧನಿಗಳ ದಿನ ನನ್ನ ತಲೆಯಲ್ಲಿ ಮಡಚಿಟ್ಟಾಗಿರುತ್ತದೆ.

ಅಮ್ಮ ಬೀಡಿಗೆ ನೂಲು ಸುತ್ತುತ್ತಿದ್ದಳು, ಸಾವಿರಕ್ಕೆ ಇಷ್ಟು ಅಂತ.
ಆ ಬೆರಳೇ ನನಗೂ ಬಂದದ್ದು.
ದಬ್ಬಣದಲ್ಲಿ ಒಂದೇ ತೂತು, ಬಿಳಿ ದಾರ, ಗಂಟು ಎಡಕ್ಕೆ.
ನಾನು ಹೊಲಿದ ಕಟ್ಟು
ಮೂರು ಕೋರ್ಟು ಹತ್ತಿ ಇಳಿದರೂ ಬಿಚ್ಚಿಕೊಳ್ಳುವುದಿಲ್ಲ.

ಜನ ತುಳುವಿನಲ್ಲಿ ಅಳುತ್ತಾರೆ, ಬ್ಯಾರಿಯಲ್ಲಿ ಬಯ್ಯುತ್ತಾರೆ,
ಕೊಂಕಣಿಯಲ್ಲಿ ಸುಮ್ಮನಿರುತ್ತಾರೆ.
ನಾನು ಕನ್ನಡದಲ್ಲಿ ಟೈಪು ಮಾಡುತ್ತೇನೆ.
'ನನ್ನ ಬಾವಿಗೆ ಬೇಲಿ ಹಾಕಿದ, ಅವನ ಕೈ ಬಿದ್ದುಹೋಗಲಿ' ಎಂದರೆ
'ಪ್ರತಿವಾದಿಯು ವಾದಿಯ ಅನುಭೋಗಕ್ಕೆ ಅಡ್ಡಿಪಡಿಸಿರುತ್ತಾನೆ.'
ಕೈ ಬಿದ್ದುಹೋಗುವುದಕ್ಕೆ ಕಾಲಂ ಇಲ್ಲ.

ಬೆಂಗ್ರೆಯ ಅವ್ವಮ್ಮ ಫೆರಿ ದಾಟಿ ಬಂದವಳು.
ಮೂರೂವರೆ ಸೆಂಟ್ಸು ಜಾಗ, ಕೆಳ ಕೋರ್ಟಿನಲ್ಲಿ ಸೋಲು,
ಅಪೀಲಿಗೆ ಮೂವತ್ತು ದಿನ.
ಧನಿಗಳ ಮೇಜಿನ ಮೇಲೆ ಚೀಟಿ ಇಟ್ಟೆ.
ಹತ್ತನೆಯ ದಿನ ಇನ್ನೊಂದು, ಹಳದಿಯದು.
ಇಪ್ಪತ್ತೈದಕ್ಕೆ ಬಾಯಿಬಿಟ್ಟೇ ಹೇಳಿದೆ.
'ಉಂಟಲ್ಲ ಮಾರಾಯ, ನೋಡುವ' ಎಂದರು.
ನಲವತ್ತೇಳನೆಯ ದಿನ ನೋಡಿದರು.

ವಿಳಂಬಕ್ಕೆ ಕಾರಣ ಬೇಕು.
ಕಾರಣಕ್ಕೆ ಒಬ್ಬ ಮನುಷ್ಯ ಬೇಕು.

ಅವರು ಹೇಳುತ್ತಾ ಹೋದರು, ನಾನೇ ಟೈಪು ಮಾಡಿದೆ:
'ಐತಪ್ಪ ಗಟ್ಟಿ, ತಂದೆ ದಿವಂಗತ ತ್ಯಾಂಪಣ್ಣ ಗಟ್ಟಿ,
ವಯಸ್ಸು ಐವತ್ತಮೂರು, ವಕೀಲರ ಗುಮಾಸ್ತ,
ಪ್ರಮಾಣ ಮಾಡಿ ಹೇಳುವುದೇನೆಂದರೆ,
ಸದರಿ ಕಡತವು ನನ್ನ ಅಜಾಗರೂಕತೆಯಿಂದ
ಬೇರೆ ಕಡತಗಳೊಡನೆ ಬೆರೆತುಹೋಗಿ...'
ಅಲ್ಲಿ ಒಮ್ಮೆ ಕೈ ತಡೆಯಿತು.
ಬೆರೆತುಹೋಗುವುದೇ, ನನ್ನ ಕಟ್ಟು?

ಮೂವತ್ತೊಂದು ವರ್ಷ.
ಎಷ್ಟು ಸಾವಿರ ಹೆಸರು ಈ ಬೆರಳಿನಡಿ ಹೋದವು,
ವಾದಿ, ಪ್ರತಿವಾದಿ, ಸತ್ತವರ ವಾರಸುದಾರರು.
ನನ್ನದು ಬಂದದ್ದು ಅದೇ ಮೊದಲು.
ಅಪ್ಪನ ಹೆಸರಿನಲ್ಲಿ ಯ ಒತ್ತು ಸರಿ ಬಿದ್ದಿದೆಯೇ ಎಂದು
ಎರಡು ಸಲ ನೋಡಿದೆ.
ಮೇಲೆ ಬರೆದದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ.
ನೋಟರಿ ತಲೆ ಎತ್ತಲಿಲ್ಲ. ಠಸ್ಸೆ ಬಿತ್ತು.

ಸಂಜೆ ಧನಿಗಳು ಬನ್ಸು ತರಿಸಿದರು, ಎರಡು ಪ್ಲೇಟು.
ಚಟ್ನಿ ಚೆನ್ನಾಗಿತ್ತು. ಅದನ್ನೂ ಹೇಳಬೇಕು.

ವಿಳಂಬ ಮನ್ನಾ ಆಯಿತು, ಐನೂರು ರೂಪಾಯಿ ದಂಡ ಹಾಕಿ.
ಕೋರ್ಟಿನಲ್ಲಿ ಓದಿದ್ದನ್ನು ಯಾರೋ ಅವ್ವಮ್ಮನಿಗೆ
ಬ್ಯಾರಿಯಲ್ಲಿ ಬಿಡಿಸಿ ಹೇಳಿದರು.
ಬೇರೆ ದಿನವಾದರೆ ಅದು ನನ್ನ ಕೆಲಸ.

ಮುಂದಿನ ವಾಯಿದೆಗೆ ಬಂದವಳು
ವರಾಂಡದ ಬೆಂಚಿನಲ್ಲಿ ಕೂತು
ಕಾಗದದ ಚೀಲವನ್ನು ಮಡಿಲಿಂದ ಬಿಡಲಿಲ್ಲ.
ನಾನು ಕೈ ಚಾಚಿದೆ. ಅವಳು ಕೈಯನ್ನೇ ನೋಡಿದಳು.
'ಕಳೆದರೆ?' ಎಂದಳು.

ಹೇಳಬಹುದಿತ್ತು.
ಧನಿಗಳ ಬಾಗಿಲು ಅರ್ಧ ತೆರೆದಿತ್ತು.

ಒಂದು ಹಾಳೆ ಹರಿದು ಕೈಬರಹದಲ್ಲಿ ಬರೆದೆ:
ಅವ್ವಮ್ಮನವರಿಂದ ಪಡೆದದ್ದು,
ತೆರಿಗೆ ರಸೀದಿ ನಾಲ್ಕು, ರೇಷನ್ ಕಾರ್ಡು ಒಂದು,
ಗಂಡನ ಮರಣಪತ್ರ ಒಂದು, ಮೂಲೆ ಹರಿದಿದೆ.
ಕೆಳಗೆ ನನ್ನ ಹೆಸರು. ಅಪ್ಪನ ಹೆಸರು. ತಾರೀಕು.

ಓದಲು ಬಾರದವಳು ಅದನ್ನು ಬೆಳಕಿಗೆ ಹಿಡಿದು
ತುಂಬಾ ಹೊತ್ತು ನೋಡಿ, ನಾಲ್ಕು ಮಡಿಕೆ ಮಾಡಿ
ಮೊಬೈಲಿನ ಕವರಿನೊಳಗೆ ಇಟ್ಟುಕೊಂಡಳು.
ಆಮೇಲೆ ಚೀಲ ಕೊಟ್ಟಳು.

ನಾನು ದಬ್ಬಣ ಹುಡುಕಿದೆ.